ಮೊಣಕಾಲಿಲ್ಲದ ಗೆರೆ

ಫೆಬ್ರವರಿ 12, ಮಂಗಳವಾರ

ಬುಲ್ಮಾರೊನಿಗೆ ರಸ್ತೆಯ ಉಬ್ಬು ಕಾಣಿಸುವುದಿಲ್ಲವೋ, ಕಂಡರೂ ಬ್ರೇಕ್ ಒತ್ತಲು ಸೋಮಾರಿತನವೋ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ತ್ಲಾವಾಕ್ ಶಾಲೆಯ ಜಾಗದಿಂದ ಅವನು ಕೊರೆದು ತಂದ ಮಣ್ಣು ಹಾಳಾಗಿದೆ.

ಇವತ್ತು ಕೊನೆಯ ಭಾರದ ಅಳತೆ ಸಿಕ್ಕಿತು. ಚುಕ್ಕಿಗಳನ್ನು ಕೂಡಿಸಿ ಗೆರೆ ಎಳೆದೆ. ಗೆರೆಗೆ ಮೊಣಕಾಲೇ ಇಲ್ಲ. ಹೊಸದಾಗಿ ಸೇರಿದವರಿಗೆಲ್ಲ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಈ ಊರಿನ ಕೆಳಗಿರುವುದು ಹಳೆಯ ಸರೋವರದ ಜೇಡಿ, ಮುಕ್ಕಾಲು ಪಾಲು ನೀರೇ. ಅದರ ಒಂದು ಬಿಲ್ಲೆಯನ್ನು ಉಕ್ಕಿನ ಬಳೆಯೊಳಗೆ ಕೂರಿಸಿ ಒತ್ತುಯಂತ್ರದಲ್ಲಿ ಭಾರ ಹೇರುತ್ತ ಹೋಗಬೇಕು. ಒಂದು ಭಾರ ಹೇರಿ ಒಂದು ದಿನ ಕಾಯಬೇಕು, ನೀರು ನಿಧಾನವಾಗಿ ಹಿಂಡಿ ಹೊರಬರಲಿ ಅಂತ. ಮರುದಿನ ಅದರ ಎರಡರಷ್ಟು. ನೆಲದಡಿಯಲ್ಲಿ ತಾನು ಹಿಂದೆ ಹೊತ್ತಿದ್ದ ಭಾರದವರೆಗೆ ಜೇಡಿ ತಡೆದುಕೊಳ್ಳುತ್ತದೆ, ಹೆಚ್ಚು ಕುಗ್ಗುವುದಿಲ್ಲ. ಅದು ದಾಟಿದ ಕೂಡಲೇ ಕಾಲು ಮಡಿಸಿದಂತೆ ಕುಸಿಯುತ್ತದೆ. ಗೆರೆ ಥಟ್ಟನೆ ಬಾಗುವ ಆ ಜಾಗವೇ ಮೊಣಕಾಲು. ಕಟ್ಟಡದ ಭಾರ ಅದಕ್ಕಿಂತ ಕೆಳಗಿದ್ದರೆ ಕಟ್ಟಡ ಸ್ವಲ್ಪವೇ ಇಳಿದು ನಿಲ್ಲುತ್ತದೆ. ಮೇಲಿದ್ದರೆ ವರ್ಷಗಟ್ಟಲೆ ಮುಳುಗುತ್ತ ಹೋಗುತ್ತದೆ.

ದಾರಿಯಲ್ಲಿ ಕುಲುಕಿದ ಮಣ್ಣಿಗೆ ಹಿಂದಿನದೇನೂ ನೆನಪಿರುವುದಿಲ್ಲ. ಮೊದಲಿನಿಂದಲೇ ಕುಗ್ಗುತ್ತ ಹೋಗುತ್ತದೆ. ಈ ಗೆರೆಯನ್ನು ನಂಬಿದರೆ ಶಾಲೆ ಮೊಣಕಾಲಷ್ಟು ಹೂತುಹೋಗುತ್ತದೆ ಎಂದು ಬರೆದುಕೊಡಬೇಕಾಗುತ್ತದೆ. ಮಕ್ಕಳು ಹಳೆಯ ಕಟ್ಟಡ ಬಿದ್ದ ಭೂಕಂಪದ ಮಾರನೆಯ ದಿನದಿಂದ ತಗಡಿನ ಕೊಠಡಿಗಳಲ್ಲಿ ಕೂತಿದ್ದಾರೆ.

ಅವನು ಮಣ್ಣು ತುಂಬಿ ತಂದ ಅದೇ ಕೊಳವೆಯ ಇನ್ನೊಂದು ತುಂಡು ಕೊಯ್ದು ನಾಳೆಯಿಂದ ಮತ್ತೆ ಹೇರುತ್ತೇನೆ. ಅದೂ ಹೀಗೇ ಬಂದರೆ ಬುಲ್ಮಾರೊನನ್ನು ಬಿಡುವುದಿಲ್ಲ.

ಫೆಬ್ರವರಿ 14, ಗುರುವಾರ

ಪ್ರಯೋಗಾಲಯದಲ್ಲಿ ನನ್ನ ಸಹಾಯಕಿ ಯಾರೆಲಿ ಎಲ್ಲರ ಮೇಜಿನ ಮೇಲೂ ಚಾಕಲೇಟು ಇಟ್ಟಿದ್ದಳು. ನನ್ನ ಮೇಜಿನ ಮೇಲೂ. ಓದು ಮುಗಿಸಿ ಎರಡು ವರ್ಷವಾಗಿದೆ, ಕೆಲಸ ಚೆನ್ನಾಗಿಯೇ ಕಲಿಯುತ್ತಿದ್ದಾಳೆ. ನನಗೆ ನಿಜವಾಗಿ ಖುಷಿಯಾಯಿತು. ಅಷ್ಟರಲ್ಲಿ ಅವಳು ಕೇಳಿದಳು:

"ಮೇಡಂ, ನನ್ನ ಮೇಲೆ ಏನಾದ್ರೂ ಕೋಪಾನಾ?"

"ಇಲ್ಲವಲ್ಲ."

"ಮುಖ ಹಾಗಿತ್ತು. ಅದಕ್ಕೇ ಕೇಳಿದೆ."

ಆಗ ಕೋಪ ಬಂತು. ಈ ತಿಂಗಳಲ್ಲಿ ಇದನ್ನು ಕೇಳಿದವರು ಇವಳೊಬ್ಬಳೇ ಅಲ್ಲ. ಕಾವಲಿನವನು ಕೇಳಿದ. ಮೆಟ್ರೊದಲ್ಲಿ ಪಕ್ಕದ ಹೆಂಗಸು ಎದ್ದು ಬೇರೆ ಕಡೆ ಕೂತಳು. ನನ್ನ ಮುಖ ಹೇಗಿರಬೇಕೆಂದು ಊರಿಗೆ ಊರೇ ಹೇಳಿಕೊಡಲು ನಿಂತಿದೆ.

ರಾತ್ರಿ ಊಟಕ್ಕೆ ಚಾಯೊ ಮೆಕ್ಕೆಜೋಳದ ಸಾರು, ಪೊಸೋಲೆ, ಮಾಡಿದ್ದಳು. ಗಂಡ ತೀರಿಕೊಂಡ ಮೇಲೆ ತಂಗಿ ನನ್ನ ಜೊತೆಯಲ್ಲೇ ಇದ್ದಾಳೆ, ಅಡುಗೆ ಅವಳದೇ.

"ಹೆಂಗಿದೆ ಅಕ್ಕಾ?"

"ಬಿಸಿನೀರಲ್ಲಿ ಜೋಳ ಬೇಯಿಸಿದ ಹಾಗಿದೆ."

"ಮೂರನೇ ಮಹಡಿಯವಳು ಘಮ ಹಿಡ್ಕೊಂಡು ಬಂದು ಒಂದು ಬಟ್ಟಲು ಕೇಳಿ ತಗೊಂಡು ಹೋದ್ಲು. ನಿನಗೆ ಬಿಸಿನೀರು." ತಟ್ಟೆ ಎತ್ತಿಕೊಂಡು ಹೋದಳು. ಹೋಗಲಿ.

ಫೆಬ್ರವರಿ 20, ಬುಧವಾರ

ಎರಡನೆಯ ತುಂಡಿನ ಅಳತೆಗಳೂ ಅದೇ ದಾರಿ ಹಿಡಿದಿವೆ. ಪೂರ್ತಿ ಮುಗಿಯುವವರೆಗೆ ಕಾಯುವ ಅಗತ್ಯವೇ ಇಲ್ಲ, ಈಗಲೇ ಕಾಣುತ್ತದೆ. ಹಿಂದಿನದಕ್ಕಿಂತಲೂ ಕೆಟ್ಟದಾಗಿದೆ.

ಬುಲ್ಮಾರೊ ಅಂಗಳದಲ್ಲಿ ಲಾರಿಯಿಂದ ಸಾಮಾನು ಇಳಿಸುತ್ತಿದ್ದ. ನೇರವಾಗಿ ಹೋದೆ.

"ದೋನ್ ಬುಲ್ಮಾರೊ, ಶಾಲೆ ಜಾಗದ ಕೊಳವೆ ಹೇಗೆ ತಂದಿರಿ?"

"ಹೆಂಗೆ ಅಂದ್ರೆ? ಯಾವಾಗ್ಲೂ ತರೋ ಹಂಗೇ ಇಂಜಿನಿಯರಮ್ಮಾ. ನಿಲ್ಲಿಸಿ, ಸುತ್ತ ಮರದ ಹೊಟ್ಟು ತುಂಬಿ."

"ಹೊಟ್ಟು ಕೊಳವೆ ಸುತ್ತ ಇರಲಿಲ್ಲ. ನಿಮ್ಮ ತಲೆಯೊಳಗಿತ್ತು."

ಅವನ ಜೊತೆಯ ಕೆಲಸಗಾರರು ನಕ್ಕರು. ಬುಲ್ಮಾರೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ತಪ್ಪಾಗಿದ್ರೆ ತಪ್ಪು ಅನ್ನಿ. ಇವರ ಮುಂದೆ ನನ್ನ ತಲೆ ವಿಷಯ ಯಾಕೆ?"

"ತಪ್ಪಾಗಿದ್ರೆ ಅಂತಲ್ಲ. ತಪ್ಪಾಗಿದೆ. ನಿಮ್ಮಿಂದ ಒಂದು ಶಾಲೆ ನಿಂತುಹೋಗುತ್ತೆ, ಗೊತ್ತಾ? ಮಣ್ಣನ್ನ ಮಣ್ಣು ಅಂದುಕೊಂಡು ಹೊತ್ತು ತರೋರು ಇಟ್ಟಿಗೆ ಹೊರೋಕೆ ಹೋಗಬೇಕು."

ಅವನು ಟೋಪಿ ಹಾಕಿಕೊಂಡು ಲಾರಿಯ ಕಡೆ ತಿರುಗಿದ. ಹೇಳಲು ಏನಿತ್ತು? ಗೆರೆ ಸುಳ್ಳು ಹೇಳುವುದಿಲ್ಲ.

ಫೆಬ್ರವರಿ 22, ಶುಕ್ರವಾರ

ಕಿಂತನಾರ್ ಕರೆದು, "ಅಂಪಾರಿತೊ, ನಿಮ್ಮ ಮಾತೇ ಕೊನೆ ಮಾತು. ಬುಲ್ಮಾರೊಗೆ ಬೇರೆ ಕಡೆ ನೋಡ್ಕೊಳ್ಳೋಕೆ ಹೇಳಿದೀನಿ. ಹೊಸ ತಂಡ ಸೋಮವಾರ ಮತ್ತೆ ಕೊರೆಯುತ್ತೆ" ಎಂದ. ನನ್ನ ಹೆಸರನ್ನು ಹೀಗೆ ಮಗುವಿನ ಹೆಸರಿನಂತೆ ಕರೆಯಬೇಡಿ ಎಂದು ಎಷ್ಟೋ ಸಲ ಹೇಳಿದ್ದೇನೆ. ಕಂಪನಿ ಇವನದು, ನಾಲಿಗೆಯೂ ಇವನದು.

ಕೊಳವೆಗಳ ಮೇಲಿನ ಚೀಟಿ ಯಾರಿಗೂ ಓದಲಾಗುತ್ತಿಲ್ಲವಂತೆ, ಇರುವೆ ಹರಿದಂತೆ ಬರೆಯುತ್ತೇನಂತೆ. ಕನ್ನಡಕ ಬದಲಿಸಿಕೊಳ್ಳಿ ಎಂದೆ.

ಮಧ್ಯಾಹ್ನ ಶಾಲೆಯ ಮುಖ್ಯೋಪಾಧ್ಯಾಯಿನಿ ಫಿಲೊಮೆನಾ ಬಂದಿದ್ದರು. ಮೆಟ್ರೊ ಇಳಿದು ಎರಡು ಬಸ್ಸು ಹಿಡಿದು ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, "ನಮ್ಮ ಮಣ್ಣು ಫೇಲಾಯ್ತಾ?" ಎಂದು ಕೇಳಿದರು. ಫೇಲಾಗಿದ್ದು ಮಣ್ಣಲ್ಲ, ತಂದವನು ಎಂದು ಹೇಳಿದೆ.

"ಮತ್ತೆ ಪರೀಕ್ಷೆ ಮಾಡಿ ಟೀಚರ್. ಜಾಗ ಸರಿಯಿಲ್ಲ ಅಂತ ಆದ್ರೆ ನಮ್ಮ ಮಕ್ಕಳನ್ನ ನಾಲ್ಕು ಶಾಲೆಗೆ ಹಂಚಿಬಿಡ್ತಾರೆ. ಆಮೇಲೆ ಅರ್ಧ ಜನ ಬರೋದೇ ಇಲ್ಲ. ನನಗೆ ಗೊತ್ತು."

ಟೀಚರ್ ಅಲ್ಲ, ಇಂಜಿನಿಯರ್ ಎಂದು ತಿದ್ದಲು ಹೋಗಲಿಲ್ಲ. ಅವರನ್ನು ಬಾಗಿಲವರೆಗೆ ಬಿಟ್ಟುಬಂದೆ.

ಮಾರ್ಚ್ 4, ಸೋಮವಾರ

ಹೊಸ ತಂಡ ಬುಲ್ಮಾರೊನಿಗಿಂತ ಕಟುಕರು. ಅವರ ಕೊಳವೆಯಿಂದ ಮಣ್ಣು ಹೊರಗೆ ತೆಗೆದರೆ ಕೊಯ್ಯಲೂ ಬರುವುದಿಲ್ಲ. ಬೆಳಗಿನಿಂದ ಎರಡು ಬಿಲ್ಲೆ ಅಂಚಿನಲ್ಲಿ ಹರಿದವು. ಮೂರನೆಯದನ್ನು ಹೇಗೋ ಬಳೆಯೊಳಗೆ ಕೂರಿಸಿದೆ. ತಂತಿಗರಗಸದ ತಂತಿ ಕಳಪೆ, ಹೊಸದು ತರಿಸಿ ಎಂದರೆ ಕಿಂತನಾರ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೋಣೆಯೂ ತಣ್ಣಗಿತ್ತು, ಬೆರಳು ಮರಗಟ್ಟಿದ್ದವು. ಯಾರೆಲಿ ಎದುರಿಗೆ ಕೂತು ನೋಡುತ್ತಿದ್ದಳು. ಯಾರಾದರೂ ನೋಡುತ್ತಿದ್ದರೆ ನನಗೆ ಆಗುವುದಿಲ್ಲ ಎಂದು ಗೊತ್ತಿಲ್ಲವೇ?

"ನಾನು ಕೊಯ್ಯಲಾ ಮೇಡಂ?"

"ನೀನು ಹುಟ್ಟೋಕೆ ಮುಂಚಿಂದ ಕೊಯ್ತಾ ಇದೀನಿ."

ನಿನ್ನೆ ಸಂತೆಯಿಂದ ಬರುವಾಗ ಚಾಯೊ, "ಆ ಕೈಯಲ್ಲಿ ಏನೂ ಇಲ್ಲ, ಚೀಲ ಹಿಡ್ಕೊಂಡ ಹಾಗೆ ಯಾಕೆ ನಡೀತೀಯ?" ಎಂದಳು. ಬಲಗೈ ಬೀಸುವುದೇ ಇಲ್ಲವಂತೆ. ಸೈನಿಕರ ಕವಾಯತು ಮಾಡುತ್ತ ಸಂತೆಗೆ ಹೋಗಬೇಕಿತ್ತೇನೋ.

ಮಾರ್ಚ್ 6, ಬುಧವಾರ

ಇವತ್ತು ಯಾರೂ ನನ್ನೊಂದಿಗೆ ಮಾತಾಡಲಿಲ್ಲ. ನೆಮ್ಮದಿ.

ಮಾರ್ಚ್ 11, ಸೋಮವಾರ

ಕೈ ನಡುಗುತ್ತಿದೆ, ಸಿಟ್ಟಿಗೆ.

ಕಿಟಕಿ ಪಕ್ಕದ ಕೊನೆಯ ಒತ್ತುಯಂತ್ರದಲ್ಲಿ ಯಾವುದೋ ಗೋದಾಮಿನ ಮಾದರಿ ಇದೆ ಎಂದುಕೊಂಡಿದ್ದೆ. ಇವತ್ತು ಅದರ ಮುಂದೆ ಯಾರೆಲಿ ಗೆರೆ ಎಳೆಯುತ್ತಿದ್ದಳು. ಹಿಂದಿನಿಂದ ಹೋಗಿ ನೋಡಿದೆ. ಅಂಥ ಮೊಣಕಾಲನ್ನು ಎಷ್ಟೋ ದಿನದಿಂದ ನೋಡಿರಲಿಲ್ಲ. ಚೂಪಾಗಿತ್ತು, ಎಲ್ಲಿದೆ ಎಂದು ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದಾಗಿತ್ತು.

"ಚೆನ್ನಾಗಿದೆ. ಯಾವ ಜಾಗದ್ದು?"

ಅವಳು ಪೆನ್ಸಿಲ್ ಕೆಳಗಿಟ್ಟಳು. "ಶಾಲೇದು ಮೇಡಂ."

"ಹೊಸ ತಂಡದ್ದಾ?"

"ಅಲ್ಲ. ದೋನ್ ಬುಲ್ಮಾರೊ ತಂದಿದ್ದ ಕೊಳವೇದು. ಉಳಿದ ತುಂಡಿಗೆ ಮೇಣ ಹಾಕಿ ಇಟ್ಟಿದ್ವಲ್ಲ. ನಾನು ಕೊಯ್ದೆ."

ನಾನು ಏನೇನು ಅಂದೆನೋ ಎಲ್ಲ ಬರೆಯುವುದಿಲ್ಲ. ಕಳ್ಳಿ ಎಂದೆ. ಬೆನ್ನ ಹಿಂದೆ ಪರೀಕ್ಷೆ ಮಾಡುವವಳು ನಾಳೆ ಬೆನ್ನಿಗೆ ಚೂರಿ ಹಾಕುತ್ತಾಳೆ ಎಂದೆ. ಅವಳ ಕಣ್ಣಲ್ಲಿ ನೀರು ಬಂತು, ಆದರೆ ಜಾಗ ಬಿಟ್ಟು ಕದಲಲಿಲ್ಲ.

"ಬೈಯೋದಾದ್ರೆ ಬೈಯಿರಿ ಮೇಡಂ. ಆದ್ರೆ ಮೊದಲು ಗೆರೆ ನೋಡಿ. ಅದೇ ಕೊಳವೆ, ಅದೇ ಆಳ. ದಾರಿಯಲ್ಲಿ ಕೆಟ್ಟಿದ್ರೆ ಇದೂ ಕೆಡಬೇಕಿತ್ತು."

ಒಂದೇ ಕೊಳವೆಯ ಮೇಲಿನ ಭಾಗ ಕೆಟ್ಟು ಕೆಳಗಿನದು ಉಳಿಯುವುದುಂಟು. ಅಪರೂಪ, ಆದರೆ ಉಂಟು. ನಾಳೆ ಅದೇ ಕೊಳವೆಯ ಕೊನೆಯ ತುಂಡನ್ನು ಇವಳ ಕಣ್ಣ ಮುಂದೆಯೇ ಕೊಯ್ಯುತ್ತೇನೆ. ಕೊಯ್ಯುವುದು ಎಂದರೆ ಏನೆಂದು ನೋಡಲಿ.

ಮಾರ್ಚ್ 12, ಮಂಗಳವಾರ

ಕೂರಿಸಿದೆ ಅವಳನ್ನು. ದೀಪ ಹತ್ತಿರ ಎಳೆದೆ. ತಂತಿ ಹೊಸದು, ಕೋಣೆ ಬೆಚ್ಚಗಿತ್ತು, ಬೆಳಿಗ್ಗೆ ಕಾಫಿಯೂ ಕುಡಿದಿರಲಿಲ್ಲ. ಮಣ್ಣು ಬೆಣ್ಣೆಯಂತಿತ್ತು, ಚೂರೂ ಕೆಟ್ಟಿರಲಿಲ್ಲ. ಕೆಟ್ಟದ್ದು ಯಾವುದೆಂದು ನನಗೆ ಮುಟ್ಟಿದರೆ ತಿಳಿಯುತ್ತದೆ.

ತಟ್ಟೆಯ ಮೇಲಿಟ್ಟು ಎಡಗೈಯಿಂದ ತಿರುಗಿಸುತ್ತ ಬಲಗೈಯಿಂದ ತಂತಿ ಇಳಿಸಬೇಕು. ಎಲ್ಲೂ ನಿಲ್ಲಬಾರದು. ನಿಂತರೆ ಅಲ್ಲಿ ಮಣ್ಣು ಅದುಮಿಕೊಳ್ಳುತ್ತದೆ.

ನನ್ನ ಕೈ ನಿಂತಿತು. ಅರ್ಧ ದಾರಿಯಲ್ಲಿ. ಇಳಿ ಎಂದು ಹೇಳಿದೆ. ಅದು ತಡವಾಗಿ ಕೇಳಿಸಿಕೊಂಡು ಒಮ್ಮೆಲೇ ಜಗ್ಗಿತು. ತಂತಿ ಒಳಕ್ಕೆ ಕಚ್ಚಿ ಅಂಚು ಜಜ್ಜಿಹೋಯಿತು. ಮತ್ತೆ ಇಳಿಸಿದೆ. ಮತ್ತೆ ನಿಂತಿತು. ಮತ್ತೆ ಜಗ್ಗಿತು.

ಗರಗಸ ಕೆಳಗಿಟ್ಟು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹೆಬ್ಬೆರಳು ತಾನಾಗಿಯೇ ಆಡುತ್ತಿತ್ತು, ಜೋಳದ ಹಿಟ್ಟು ಉಂಡೆ ಕಟ್ಟುವವರ ಬೆರಳಿನ ಹಾಗೆ. ಇಬ್ಬರೂ ಅದನ್ನೇ ನೋಡುತ್ತ ಕೂತೆವು.

"ಯಾವಾಗಿಂದ ಗೊತ್ತು ನಿನಗೆ?"

"ಕ್ರಿಸ್‌ಮಸ್ ಆದಮೇಲೆ. ಕೊಯ್ಯುವಾಗ ನಿಲ್ತಾ ಇದ್ರಿ."

"ನನಗೆ ಯಾಕೆ ಹೇಳಲಿಲ್ಲ?"

ಅವಳು ಜಜ್ಜಿದ ಮಣ್ಣನ್ನು ತಟ್ಟೆಯಿಂದ ಎತ್ತಿ ಬದಿಗಿಟ್ಟಳು.

"ನಿಮ್ಮ ಹತ್ರ ಯಾರು ಹೇಳ್ತಾರೆ ಮೇಡಂ?"

ಮಾರ್ಚ್ 15, ಶುಕ್ರವಾರ

ಚಾಯೊ ಜೊತೆಗೆ ಬಂದಳು. ಬೇಡ ಎಂದರೂ ಬಂದಳು. ಡಾಕ್ಟರು ಚಿಕ್ಕ ವಯಸ್ಸಿನವನು. ನಡೆಸಿದ, ಬೆರಳು ತಟ್ಟಿಸಿದ, ಒಂದು ವಾಕ್ಯ ಬರೆಸಿದ. ಮೊದಲ ಪದದ ಅಕ್ಷರ ದೊಡ್ಡದು, ಕೊನೆಯ ಪದ ಎಷ್ಟು ಸಣ್ಣದೆಂದರೆ ನನಗೇ ಓದಲಾಗಲಿಲ್ಲ. ವಾಸನೆ ತಿಳಿಯುತ್ತದೆಯೇ ಎಂದು ಕೇಳಿದ. ತಿಳಿಯುತ್ತದೆ ಎಂದೆ. "ಇಲ್ಲ ಡಾಕ್ಟ್ರೇ" ಎಂದಳು ಚಾಯೊ. "ಮೊನ್ನೆ ಒಲೆ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆ, ಇವಳು ಪಕ್ಕದಲ್ಲೇ ಪೇಪರ್ ಓದ್ತಾ ಇದ್ಲು." ನನಗೆ ಗೊತ್ತಿಲ್ಲದ ನನ್ನ ಸಂಗತಿಗಳನ್ನೆಲ್ಲ ಒಂದೊಂದಾಗಿ ಅವನ ಮೇಜಿನ ಮೇಲಿಟ್ಟಳು.

ಪಾರ್ಕಿನ್ಸನ್ ಕಾಯಿಲೆ. ಮಾತ್ರೆಯಿದೆ, ವ್ಯಾಯಾಮವಿದೆ, ನಿಧಾನವಾಗಿ ಬೆಳೆಯುತ್ತದೆ ಎಂದೆಲ್ಲ ಹೇಳಿದ. ಮುಖದ ಸ್ನಾಯುಗಳೂ ಬಿಗಿಯುತ್ತವಂತೆ, ಒಳಗೆ ಖುಷಿಯಿದ್ದರೂ ಹೊರಗೆ ಸಿಡುಕಿದಂತೆ ಕಾಣುತ್ತದಂತೆ.

"ಹಾಗಾದ್ರೆ ಇವಳ ಕೋಪ ಎಲ್ಲಾ ಕಾಯಿಲೇದಾ?" ಎಂದಳು ಚಾಯೊ, ಆಸೆಯಿಂದ.

"ಎಲ್ಲಾ ಅಲ್ಲ ಅನ್ಸುತ್ತೆ" ಎಂದ ಡಾಕ್ಟರು.

ಹೊರಗೆ ಬಂದು ಬಸ್ ನಿಲ್ದಾಣದ ಕಂಬಿಗೆ ಒದ್ದೆ. ಕಾಲು ಊದಿಕೊಂಡಿದೆ. ಕಾಲಾದರೂ ಇನ್ನೂ ನನ್ನ ಮಾತು ಕೇಳುತ್ತದೆ.

ಮಾರ್ಚ್ 19, ಮಂಗಳವಾರ

ಹೊಸ ತಂಡದ ಮಣ್ಣನ್ನೂ ಯಾರೆಲಿ ಕೊಯ್ದು ಹೇರಿದ್ದಾಳೆ. ಅದರ ಗೆರೆಯೂ ಸರಿಯಾದ ದಾರಿಯಲ್ಲೇ ಹೋಗುತ್ತಿದೆ. ಕಟುಕರು ಅವರೂ ಅಲ್ಲ.

ಕಿಂತನಾರ್‌ಗೆ ಎಲ್ಲ ಹೇಳಿದೆ. ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ಅಂಪಾರಿತೊ, ಇದು ಇಲ್ಲೇ ಮುಗೀಲಿ. ಯಾರೆಲಿಯ ಗೆರೆ ಹಾಕಿ ವರದಿ ಕಳಿಸೋಣ. ಶಾಲೆ ಏಳುತ್ತೆ, ನಿಮ್ಮ ಮರ್ಯಾದೆನೂ ಉಳಿಯುತ್ತೆ."

"ಬುಲ್ಮಾರೊ?"

"ಅದು ಆಗಿಹೋಯ್ತಲ್ಲ. ಈಗ ಕರೆದ್ರೆ ಯಾಕೆ ಕಳಿಸಿದ್ರಿ, ಯಾಕೆ ಕರೆದ್ರಿ ಅಂತ ನಾಲ್ಕು ಜನ ಕೇಳ್ತಾರೆ. ಪ್ರಯೋಗಾಲಯದ ಹೆಸರು ಕೆಡುತ್ತೆ."

ಹೆಗಲ ಮೇಲಿನ ಕೈ ತೆಗೆಯಿರಿ ಎಂದೆ. ತೆಗೆದ. ಮೊದಲ ಮೂರು ಮಾದರಿಗಳು ಕೆಟ್ಟದ್ದು ಇಲ್ಲಿ, ನನ್ನ ಕೈಯಲ್ಲಿ, ತಂದವರ ಕೈಯಲ್ಲಲ್ಲ ಎಂದು ವರದಿಯಲ್ಲಿ ಬರೆಯುವವರೆಗೆ ನಾನು ಸಹಿ ಹಾಕುವುದಿಲ್ಲ, ಬುಲ್ಮಾರೊ ವಾಪಸ್ ಬರುವವರೆಗೆ ಈ ಕೋಣೆಯಿಂದ ಬೇರೆ ಯಾವ ವರದಿಯೂ ಹೊರಗೆ ಹೋಗುವುದಿಲ್ಲ ಎಂದೆ. ನನ್ನ ದನಿ ಬೀದಿಗೆ ಕೇಳಿಸಿರಬೇಕು.

"ಯೋಚನೆ ಮಾಡ್ತೀನಿ, ಅಂಪಾರೊ ಅವರೇ" ಎಂದ.

ಮಾರ್ಚ್ 23, ಶನಿವಾರ

ಚಿಮಾಲ್ವಾಕಾನ್‌ಗೆ ಹೋಗಿದ್ದೆ. ಬುಲ್ಮಾರೊ ಭಾವಮೈದುನನ ಪಂಕ್ಚರ್ ಅಂಗಡಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ಏಳಲಿಲ್ಲ. ನೀರಿನ ತೊಟ್ಟಿಯಲ್ಲಿ ಟ್ಯೂಬು ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದ.

"ದೋನ್ ಬುಲ್ಮಾರೊ, ತಪ್ಪು ನಿಮ್ಮದಲ್ಲ. ನೀವು ತಂದ ಮಣ್ಣು ಚೆನ್ನಾಗಿತ್ತು. ಕೆಡಿಸಿದ್ದು ನಾನು. ನನ್ನ ಕೈಗೆ ಕಾಯಿಲೆ ಬಂದಿದೆ, ನನಗೆ ಗೊತ್ತಾಗಿರಲಿಲ್ಲ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು. ಅವನು ಟ್ಯೂಬು ತಿರುಗಿಸುತ್ತಲೇ ಇದ್ದ.

"ಕಾಯಿಲೆ ಕೈಗಾ?"

"ಹೌದು."

"ಅವತ್ತು ನನ್ನ ಬೈದಿದ್ದು ಬಾಯಿ. ಅದಕ್ಕೂ ಕಾಯಿಲೆನಾ?"

ಅವನು ಟ್ಯೂಬು ಹೊರಗೆ ತೆಗೆದು ಒರೆಸಿದ. ಆಮೇಲೆ ನನ್ನ ಮುಖ ನೋಡದೆಯೇ ಶುರುಮಾಡಿದ.

"ಕೂತ್ಕೊಳ್ಳಿ. ಬಂದಿದೀರಲ್ಲ, ಕೇಳಿಸ್ಕೊಳ್ಳಿ. ನೀವು ಬೈದಿದ್ದಕ್ಕೆ ಕೋಪ ಇಲ್ಲ ನನಗೆ, ಬೈಸ್ಕೊಂಡೇ ಬೆಳೆದೋನು. ನಾನು ನಿಮ್ಮನ್ನ ನಂಬಿದೆ, ಅದಕ್ಕೆ ಕೋಪ. ಇಂಜಿನಿಯರಮ್ಮ ಸುಮ್ಸುಮ್ನೆ ಹೇಳೋರಲ್ಲ ಅಂದ್ಕೊಂಡೆ. ಕೆಲಸ ಹೋದ ಮೇಲೆ ಬಸ್ಸಲ್ಲಿ ಕೂತು ಆ ದಾರೀಲೇ ಹೋಗಿ ಬಂದೆ, ಯಾವ ಗುಂಡಿ, ಯಾವ ಉಬ್ಬು ಅಂತ ನೋಡ್ತಾ. ಸಿಗಲಿಲ್ಲ. ಸಿಗದೇ ಇದ್ದಿದ್ದಕ್ಕೆ ಇನ್ನೂ ಹೆದರಿಕೆ ಆಯ್ತು. ಹೆಂಡ್ತಿಗೆ ಹೇಳಿದೆ, ವಯಸ್ಸಾಯ್ತು ಕಣೇ, ನನಗೆ ತಿಳೀದೇನೇ ಕೈ ಸೋತಿದೆ ಅಂತ. ಅವಳು ಚರ್ಚಿಗೆ ಹೋಗಿ ಮಾತೆಗೆ ಮೇಣದ ಬತ್ತಿ ಹಚ್ಚಿದ್ಲು. ನನ್ನ ಕೈಗೋಸ್ಕರ. ನನ್ನ ಕೈ ನೋಡಿ."

ಎರಡೂ ಕೈ ನನ್ನ ಮುಖದ ಮುಂದೆ ಹಿಡಿದ. ಮಸಿ ಮೆತ್ತಿತ್ತು. ಅಲುಗಲಿಲ್ಲ.

ನಾನು ಹಳೆಯ ಟೈರಿನ ಮೇಲೆ ಕೂತಿದ್ದೆ. ಅವನು ಇನ್ನೂ ಬಹಳ ಹೇಳಿದ. ಹಳೆಯ ಸಂಗತಿಗಳು, ಬೇರೆಯವರಿಗೆ ನಾನು ಅಂದ ಮಾತುಗಳು, ನನಗೆ ನೆನಪೇ ಇಲ್ಲದವು. ಗಿರಾಕಿಗಳು ಬಂದರು, ಹೋದರು. ಮಧ್ಯೆ ಬಾಯಿ ಹಾಕಲಿಲ್ಲ. ಏಳುವಾಗ ಕಾಲು ಬಿಗಿದುಕೊಂಡಿತ್ತು. ಅವನು ಕೈ ಕೊಡಲಿಲ್ಲ, ನಾನೂ ಕೇಳಲಿಲ್ಲ.

"ಬರ್ತೀರಾ ವಾಪಸ್?"

"ಕರೆಯೋನು ಕರೆದ್ರೆ ನೋಡೋಣ. ನೀವು ಹೋಗಿ ಈಗ."

ಮನೆಗೆ ಬಂದೆ. ಚಾಯೊ ಏನೂ ಕೇಳದೆ ಸಾರು ಬಡಿಸಿದಳು. ಪೂರ್ತಿ ತಿಂದೆ. ಘಮ ಹೇಗಿದೆ, ಹೇಳು ಎಂದೆ. ಹೇಳಿದಳು: ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಕೊನೆಯಲ್ಲಿ ನಿಂಬೆ.

ಏಪ್ರಿಲ್ 2, ಮಂಗಳವಾರ

ವರದಿ ಹೋಯಿತು, ನಾನು ಬರೆಯಿಸಿದ ಸಾಲಿನ ಸಮೇತ. ಕಿಂತನಾರ್ ಅದನ್ನು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿಸಿದ್ದ. ಮೊದಲ ಪುಟಕ್ಕೆ ತರಿಸಿದೆ. ಕಟ್ಟಡದ ಭಾರ ಮೊಣಕಾಲಿಗಿಂತ ಕೆಳಗೇ ಇದೆ. ಒಂದು ಗೇಣು ಸಹ ಇಳಿಯುವುದಿಲ್ಲ, ಅಗಲವಾದ ಕಾಂಕ್ರೀಟ್ ಹಾಸಿನ ಮೇಲೆ ಕಟ್ಟಬಹುದು. ಫಿಲೊಮೆನಾ ಫೋನಿನಲ್ಲಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಮೂರನೆಯ ಸಲ ಪಕ್ಕದಲ್ಲಿದ್ದ ಯಾರಿಗೋ ಕೇಳಿಸಲು ಕೇಳಿದರು.

ಮಾತ್ರೆ ಹೊಟ್ಟೆ ತೊಳಸುತ್ತದೆ. ಅದನ್ನು ಕಂಡುಹಿಡಿದವನ ಹೊಟ್ಟೆಗೂ ಹೀಗೇ ಆಗಬೇಕು.

ಏಪ್ರಿಲ್ 9, ಮಂಗಳವಾರ

ಕಿಂತನಾರ್ ಕರೆಸಿದ್ದಕ್ಕೆ ಬುಲ್ಮಾರೊ ಬಂದ. ಬೇರೊಂದು ಜಾಗದ ಕೊಳವೆಗಳನ್ನು ತಂದಿದ್ದ. ನನಗೆ ಕೊಡಲಿಲ್ಲ, ಯಾರೆಲಿಯ ಕೈಗೆ ಕೊಟ್ಟ. ಕೊಟ್ಟವನು ಹೋಗಲೂ ಇಲ್ಲ.

"ಇನ್ಮೇಲೆ ನಾನು ತಂದಿದ್ದನ್ನ ನನ್ನೆದುರೇ ಕೊಯ್ಯಬೇಕು" ಎಂದ.

ಅಂಥ ನಿಯಮ ಎಲ್ಲೂ ಇಲ್ಲ. ಹಾಗೆಂದು ಹೇಳಲು ಹೊರಟೆ. ಯಾರೆಲಿ ನನ್ನನ್ನು ನೋಡಿದಳು. ಸರಿ ಎಂದೆ.

ಅವಳು ತಟ್ಟೆಯ ಮುಂದೆ ಕೂತಳು, ನಾನು ಪಕ್ಕದಲ್ಲಿ. ತಂತಿ ಇಳಿಯುವಾಗ ಹೇಳುತ್ತ ಹೋದೆ: ಮೊಣಕೈ ಮೇಜಿಗೆ ಆನಿಸು, ಉಸಿರು ಬಿಡುತ್ತ ಎಳೆ, ಚಿಪ್ಪು ಸಿಕ್ಕರೆ ಒತ್ತಬೇಡ, ತಂತಿ ಸಡಿಲಿಸಿ ಸುತ್ತಿಕೊಂಡು ಬಾ. ಇಷ್ಟು ವರ್ಷ ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಕೈ ಮಾಡುತ್ತಿತ್ತು, ಹೇಳುವ ಪ್ರಸಂಗವೇ ಬಂದಿರಲಿಲ್ಲ. ಮಧ್ಯದಲ್ಲಿ ಅವಳೊಮ್ಮೆ ಅವಸರ ಮಾಡಿದಳು, ಗದರಿದೆ. ಗದರಿದ್ದು ಸರಿಯಾಗಿಯೇ ಇತ್ತು.

ಬುಲ್ಮಾರೊ ಹೊಸ್ತಿಲ ಮೇಲೆ ಕೈಕಟ್ಟಿ ನಿಂತಿದ್ದ. ಅಂಗಳದ ಒಣಗಾಳಿ ಒಳಗೆ ನುಗ್ಗುತ್ತಿತ್ತು. ಕೊಯ್ದ ಮಣ್ಣಿಗೆ ಅದು ವಿಷ.

"ದೋನ್ ಬುಲ್ಮಾರೊ, ಒಳಗಾದ್ರೂ ಬನ್ನಿ, ಹೊರಗಾದ್ರೂ ನಿಲ್ಲಿ. ಬಾಗಿಲು ಹಾಕಿ. ಮಣ್ಣು ಒಣಗ್ತಾ ಇದೆ, ಕಾಣಲ್ವಾ?"

ಅವನು ಒಂದು ಹೆಜ್ಜೆ ಒಳಗೆ ಬಂದು ಗೋಡೆಗೆ ಒರಗಿದ.

"ನೀವೇ ಹಾಕಿ."

ಯಾರೆಲಿ ತಲೆ ಎತ್ತಲಿಲ್ಲ. ತಂತಿ ನಿಲ್ಲದೆ ಇಳಿಯುತ್ತಿತ್ತು. ಮೇಜು ಹಿಡಿದು ಎದ್ದೆ, ಕಾಲು ಮಾತು ಕೇಳುವವರೆಗೆ ಒಂದು ಕ್ಷಣ ಕಾದೆ, ಹೋಗಿ ಬಾಗಿಲು ಹಾಕಿದೆ.